ಕೆಜಿಗೆ ಎಷ್ಟು? ಕೊಡಗಿನ ಸಂತೆ ಜಾತ್ರೆಗಳಲ್ಲಿ ಐದು ದಿನ

ಮಂಗಳವಾರ, ಕುಶಾಲನಗರ

ಕೊಪ್ಪ ದಾಟಿ ಕಾವೇರಿ ಸೇತುವೆ ಹತ್ತಿದರೆ ಮೈಸೂರು ಜಿಲ್ಲೆ ಹಿಂದೆ ಬಿತ್ತು, ಕುಶಾಲನಗರ ಬಂತು. ಮಂಗಳವಾರ ಇಲ್ಲಿ ಸಂತೆ. ಮಿಠಾಯಿ ಅಂಗಡಿಯ ಮುಂದೆ ನಿಲ್ಲುವ ಮೊದಲು ಯಾವುದಾದರೂ ದಿನಸಿ ಅಂಗಡಿಗೆ ಹೋಗಿ ಸಕ್ಕರೆ, ಬೆಲ್ಲ, ಕಡಲೆಬೀಜ, ತುಪ್ಪ, ಈ ನಾಲ್ಕರ ಅಂದಿನ ಬೆಲೆ ಕೇಳಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ದಿನಗಳಿಗೆ ಇದೇ ಅಳತೆಗೋಲು. ಇಲ್ಲಿ ಲೆಕ್ಕ ತೋರಿಸಲು ಸಕ್ಕರೆ ಕೆಜಿಗೆ 45, ಬೆಲ್ಲ 60, ಕಡಲೆಬೀಜ 140, ತುಪ್ಪ 650 ರೂಪಾಯಿ ಎಂದು ಹಿಡಿದಿದೆ. ತಿಂಡಿಗಳ ಬೆಲೆಯೂ ಹಾಗೆಯೇ ಹಿಡಿದದ್ದು. ನೀವು ಹೋದ ದಿನದ ಬೆಲೆ ಹಾಕಿಕೊಂಡರೂ ಲೆಕ್ಕದ ದಾರಿ ಬದಲಾಗುವುದಿಲ್ಲ.

ಸಂತೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೆಂಡು ಬತ್ತಾಸು. ಉಬ್ಬಿದ ಪೊಟ್ಟಣ, ಮೂವತ್ತು ರೂಪಾಯಿ. ಮೂವತ್ತೇ ತಾನೇ ಎಂದು ಕೊಳ್ಳುತ್ತೇವೆ. ಅದನ್ನೇ ಪಕ್ಕದ ತರಕಾರಿಯವರ ತಕ್ಕಡಿಗೆ ಹಾಕಿ ನೋಡಿ. 80 ಗ್ರಾಂ ತೂಗಿತು ಎಂದರೆ ಕೆಜಿಗೆ 375 ರೂಪಾಯಿ ಆಯಿತು. ಬತ್ತಾಸಿನಲ್ಲಿ ಸಕ್ಕರೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಗಟ್ಟಿ ಪಾಕ ಕಾಯಿಸಿ, ಚಿಟಿಕೆ ಅಡುಗೆ ಸೋಡಾ ಹಾಕಿ, ನೊರೆ ಬರುವಂತೆ ತಿರುವಿ, ಬಟ್ಟೆಯ ಮೇಲೆ ಬೊಟ್ಟು ಬೊಟ್ಟಾಗಿ ಬಿಟ್ಟರೆ ಬತ್ತಾಸು. ಸೋಡಾ ಬಿಡುವ ಅನಿಲ ಒಳಗೆ ಗುಳ್ಳೆಗಳಾಗಿ ನಿಲ್ಲುತ್ತದೆ. 45 ರೂಪಾಯಿಯ ಸಕ್ಕರೆ ಎಂಟು ಪಟ್ಟು ಬೆಲೆಗೆ ಹೋಗುವುದು ಹೀಗೆ, ಮುಕ್ಕಾಲು ಪಾಲು ಗಾಳಿಯ ಬಲದಿಂದ. ಆದರೂ ಇದು ಮೋಸವಲ್ಲ. ಬತ್ತಾಸನ್ನು ಯಾರೂ ಕೆಜಿಗಟ್ಟಲೆ ತಿನ್ನುವುದಿಲ್ಲ, ಹಣ್ಣುಕಾಯಿ ತಟ್ಟೆಗೆ ಒಂದು ಹಿಡಿ ಸಾಕು.

ಎರಡು ಹೆಜ್ಜೆ ಆಚೆ ಕಡಲೆ ಮಿಠಾಯಿ. ನೂರು ಗ್ರಾಂ ಅಚ್ಚಿಗೂ ಅದೇ ಮೂವತ್ತು ರೂಪಾಯಿ, ಎಂದರೆ ಕೆಜಿಗೆ 300. ಒಂದು ಕೆಜಿಗೆ 600 ಗ್ರಾಂ ಬೀಜ, 400 ಗ್ರಾಂ ಬೆಲ್ಲ ಎಂದುಕೊಂಡರೆ ಸಾಮಾನಿಗೇ 108 ರೂಪಾಯಿ. ಮೂರು ಪಟ್ಟೂ ಆಗಲಿಲ್ಲ. ನೋಡಲು ಬತ್ತಾಸಿಗಿಂತ ಚಿಕ್ಕದು, ಬೆಲೆಗೆ ಬಾಳುವುದು ಇದು. ಕತ್ತರಿಸಿದ ಅಂಚನ್ನು ನೋಡಿ: ಬೀಜಕ್ಕೆ ಬೀಜ ತಾಗಿಕೊಂಡಿದ್ದರೆ ಸರಿ, ನಡುವೆ ಗಾಜಿನಂತೆ ಬರೀ ಬೆಲ್ಲ ಹೊಳೆಯುತ್ತಿದ್ದರೆ ಬೆಲ್ಲವನ್ನೇ ಬೀಜದ ಬೆಲೆಗೆ ಕೊಂಡಂತೆ. ಹಲ್ಲಿಗೆ ಅಂಟಿದರೆ ಪಾಕ ಸಾಲದು. ನೀರಿಗೆ ಹಾಕಿದ ಪಾಕದ ಹನಿ ಟಕ್ಕನೆ ಮುರಿಯುವವರೆಗೆ ಕಾಯಿಸದೆ ಇಳಿಸಿದ್ದಾರೆ ಎಂದರ್ಥ. ಅಂಥ ಮಿಠಾಯಿ ಕೊಡಗಿನ ಥಂಡಿಯಲ್ಲಿ ಎರಡೇ ದಿನಕ್ಕೆ ಕಾಗದ ಸಮೇತ ಮುದ್ದೆಯಾಗುತ್ತದೆ.

ಬುಧವಾರ, ವಿರಾಜಪೇಟೆ

ಕುಶಾಲನಗರದಿಂದ ಗುಡ್ಡೆಹೊಸೂರು, ಸಿದ್ದಾಪುರ ಹಾದು ಬಂದರೆ ವಿರಾಜಪೇಟೆ. ಬುಧವಾರ ಇಲ್ಲಿ ಸಂತೆ. ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಕಣ್ಣೂರು. ಆ ದಾರಿಯಲ್ಲಿ ಬಂದದ್ದು ಹಲ್ವಾ. ಕಪ್ಪು, ಕೆಂಪು, ಹಸಿರು ದಿಮ್ಮಿಗಳು ಗಾಜಿನ ಹಿಂದೆ ಹೊಳೆಯುತ್ತಿರುತ್ತವೆ.

ಬತ್ತಾಸಿನ ಅಂಗಡಿಯಲ್ಲಿ ಆದದ್ದರ ತಿರುಗುಮುರುಗು ಇಲ್ಲಿ ಆಗುತ್ತದೆ. ಹಲಗೆಯ ಮೇಲೆ ಕೆಜಿಗೆ 360 ಎಂದು ಬರೆದಿರುತ್ತದೆ, ಯಾರಿಗೂ ಗಾಬರಿಯಾಗುವುದಿಲ್ಲ. "ಅಣ್ಣಾ, ಒಂದು ಸಣ್ಣ ತುಂಡು ಕೊಡಿ" ಎನ್ನುತ್ತಾರೆ. ಕತ್ತಿ ಇಳಿಯುತ್ತದೆ, ತಕ್ಕಡಿ ಕಾಲು ಕೆಜಿ ತೋರಿಸುತ್ತದೆ, 90 ರೂಪಾಯಿ. ಎರಡು ಸೋಪು ಒಂದರ ಮೇಲೊಂದು ಇಟ್ಟಷ್ಟು ತುಂಡಿಗೆ ತೊಂಬತ್ತಾ ಎಂದು ಕಣ್ಣು ಕಣ್ಣು ಬಿಡುವುದು ಆಮೇಲೆ. ಹಲ್ವಾದ ಒಳಗೆ ಗಾಳಿಗೆ ಜಾಗವೇ ಇಲ್ಲ. ಮೈದಾ ಹಿಟ್ಟನ್ನು ನಾದಿ, ನೀರಿನಲ್ಲಿ ಕಿವುಚಿ ಹಾಲು ತೆಗೆದು, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿ ಚೆಲ್ಲಿ, ತಳದ ಗಸಿಗೆ ಸಕ್ಕರೆಯನ್ನೋ ಬೆಲ್ಲವನ್ನೋ ಸೇರಿಸಿ, ತೆಂಗಿನೆಣ್ಣೆ ಹುಯ್ಯುತ್ತಾ ಗಂಟೆಗಟ್ಟಲೆ ಕೈಬಿಡದೆ ಮಗುಚಿದ್ದು ಅದು. ಕೈ ನಿಂತರೆ ತಳ ಹಿಡಿಯುತ್ತದೆ, ಇಡೀ ಕಡಾಯಿಗೆ ಕಮಟು ವಾಸನೆ ಬರುತ್ತದೆ. ಸಾಮಾನು ಅಗ್ಗದ್ದೇ. ನೀವು ಕೊಡುವುದು ಬಹುಪಾಲು ಸೌದೆಗೆ ಮತ್ತು ತೋಳಿಗೆ.

ಆದ್ದರಿಂದ ಹಲ್ವಾ ಅಂಗಡಿಯಲ್ಲಿ ತುಂಡು ಕೇಳಬಾರದು, "ನೂರು ಗ್ರಾಂ ಕೊಡಿ" ಎನ್ನಬೇಕು. ಇಲ್ಲವೇ "ಐವತ್ತು ರೂಪಾಯಿಯದು ಕೊಡಿ" ಎನ್ನಿ, ಇನ್ನೂ ಸುಲಭ. ಕತ್ತರಿಸಿದ ಮೇಲೆ ಬೇಡ ಎನ್ನುವುದು ಮರ್ಯಾದೆಯಲ್ಲ, ಅದು ಮಾರುವವರಿಗೂ ಗೊತ್ತು. ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆದ್ದು ಬರಬೇಕು. ಎಣ್ಣೆ ಕಮಟಾಗಿದ್ದರೆ ರುಚಿ ನೋಡುವ ಚೂರಿನಲ್ಲೇ ತಿಳಿಯುತ್ತದೆ, ಕೇಳಿದರೆ ಆ ಚೂರನ್ನು ಎಲ್ಲರೂ ಕೊಡುತ್ತಾರೆ.

ಗೋಣಿಕೊಪ್ಪಲಿಗೆ ಇಲ್ಲಿಂದ ಹೆಚ್ಚು ದೂರವಿಲ್ಲ. ಆದರೆ ಅಲ್ಲಿಯ ಸಂತೆ ಭಾನುವಾರ, ಬುಧವಾರ ಹೋಗಿ ಪ್ರಯೋಜನವಿಲ್ಲ. ಮೂರ್ನಾಡು ಮೇಲೆ ಮಡಿಕೇರಿ ಬಸ್ಸು ಹಿಡಿಯುವುದು ಲೇಸು.

ಗುರುವಾರ, ಮಡಿಕೇರಿ

ಸಂತೆಯ ಶುಕ್ರವಾರಕ್ಕೆ ಒಂದು ದಿನ ಮೊದಲೇ ಬಂದದ್ದಕ್ಕೆ ಕಾರಣ ಇದೆ. ಮಡಿಕೇರಿಯಲ್ಲಿ ನೋಡಬೇಕಾದ ಬೆಲೆ ಸಂತೆಯದಲ್ಲ, ಪ್ರವಾಸಿಗರ ಅಂಗಡಿಯದು. ಹೋಂಮೇಡ್ ಚಾಕೊಲೇಟ್, ಜೇನು, ಕಾಫಿಪುಡಿ, ಮಸಾಲೆ, ಎಲ್ಲ ಒಂದೇ ಸೂರಿನಡಿ.

ಚಾಕೊಲೇಟಿನ ಪೊಟ್ಟಣ 200 ಗ್ರಾಂ, 200 ರೂಪಾಯಿ ಎಂದುಕೊಳ್ಳಿ. ಕೆಜಿಗೆ ಸಾವಿರ. ಬೆಲೆಗಿಂತ ಮೊದಲು ಹಿಂಬದಿಯ ಸಣ್ಣಕ್ಷರ ಓದಿ. ಸೇರಿಸಿದ ಸಾಮಾನುಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲು ಸಕ್ಕರೆ, ಆಮೇಲೆ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು, ಅದರ ಹಿಂದೆ ಕೋಕೋ ಎಂದಿದ್ದರೆ ಅದು ಕಾಂಪೌಂಡ್. ನಿಜವಾದ ಚಾಕೊಲೇಟಿನ ಕೊಬ್ಬು ಕೋಕೋ ಬೆಣ್ಣೆ. ಅದು ಸುಮಾರು 34 ಡಿಗ್ರಿಗೆ, ಎಂದರೆ ಬಾಯಿಯ ಬಿಸಿಗೇ ಕರಗುತ್ತದೆ. ತುಟ್ಟಿಯೂ ಹೌದು, ಹದ ಹಾಕಲು ಕೈ ಪಳಗಿರಬೇಕು. ಕಾಂಪೌಂಡಿಗೆ ಆ ತಾಪತ್ರಯವಿಲ್ಲ. ಗಟ್ಟಿ ಹಲಗೆಗಳನ್ನು ತಂದು, ಬಿಸಿನೀರಿನ ಮೇಲೆ ಪಾತ್ರೆ ಇಟ್ಟು ಕರಗಿಸಿ, ಗೋಡಂಬಿಯೋ ದ್ರಾಕ್ಷಿಯೋ ಉದುರಿಸಿ ಅಚ್ಚಿಗೆ ಸುರಿದರೆ ಅರ್ಧ ಗಂಟೆಯಲ್ಲಿ ತಯಾರು. ಕರಗಿಸುವಾಗ ಒಂದು ಹನಿ ನೀರು ಬಿದ್ದರೆ ಮಾತ್ರ ಇಡೀ ಪಾತ್ರೆ ಮರಳುಗಟ್ಟಿ ಕೆಡುತ್ತದೆ. "ಹೋಂಮೇಡ್" ಎಂಬುದು ಸುಳ್ಳಲ್ಲ, ಮನೆಯಲ್ಲೇ ಕರಗಿಸಿರುತ್ತಾರೆ. ಸಾವಿರ ರೂಪಾಯಿ ಕೊಡುವಷ್ಟು ಏನು ಮಾಡಿದರು ಎಂಬುದು ಬೇರೆ ಪ್ರಶ್ನೆ. ಒಂದು ಸಮಾಧಾನ: ಕಾಂಪೌಂಡ್ ಮೈಸೂರಿನ ಬಿಸಿಲಿಗೆ ಅಷ್ಟು ಬೇಗ ಕರಗುವುದಿಲ್ಲ. ನಿಜವಾದದ್ದನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಇಳಿದಿರೋ, ಊರು ಸೇರುವಾಗ ಮೇಲೆ ಬಿಳಿ ಪೊರೆ ಬಂದಿರುತ್ತದೆ. ಅದು ಬೂಷ್ಟಲ್ಲ, ಕರಗಿ ಮತ್ತೆ ಹೆಪ್ಪುಗಟ್ಟಿದ ಕೊಬ್ಬು. ತಿನ್ನಬಹುದು.

ಪೊಟ್ಟಣ ಕಟ್ಟಿದ ಮಾಲಿನ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಿಸಿದ ತಿಂಗಳು, ತಯಾರಕರ ವಿಳಾಸ ಇರಲೇಬೇಕು, ಆಹಾರ ಪರವಾನಗಿಯ 14 ಅಂಕಿಗಳೂ ಇರಬೇಕು. ಬಿಡಿ ಅಳತೆಯ ಬೆಲೆಯನ್ನೂ ಮುದ್ರಿಸಬೇಕು, ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕದಲ್ಲಿ. ಗ್ರಾಂಗೆ ಒಂದು ರೂಪಾಯಿ ಎಂದಿದ್ದರೆ ಸಾವಿರದಿಂದ ಗುಣಿಸಿ, ಕೆಜಿ ಬೆಲೆ ಬಂತು. ಈ ಒಂದು ಸಾಲು ಓದುವ ಅಭ್ಯಾಸವಾದರೆ ಅರ್ಧ ಆಘಾತ ಅಂಗಡಿಯ ಒಳಗೇ ಮುಗಿಯುತ್ತದೆ, ಬಸ್ಸಿನಲ್ಲಿ ಕೂತು ಕೊರಗುವುದು ತಪ್ಪುತ್ತದೆ. ಮುದ್ರಿತ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಎಂದು ಸೇರಿಸುವಂತಿಲ್ಲ. ಅಂದಹಾಗೆ ಚಾಕೊಲೇಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹಳೆ ಬೆಲೆಯೇ ಮುಂದುವರಿದಿದ್ದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ.

ಜೇನಿನ ಬಳಿ ಮೋಸ ಹೋಗುವುದು ಲೀಟರು ಮತ್ತು ಕೆಜಿ ನಡುವೆ. ಜೇನು ನೀರಿಗಿಂತ ಭಾರ, ಒಂದು ಲೀಟರು ಸುಮಾರು 1.4 ಕೆಜಿ ತೂಗುತ್ತದೆ. 750 ಮಿಲಿ ಸೀಸೆ 600 ರೂಪಾಯಿ ಎಂದರೆ ದುಬಾರಿ ಅನ್ನಿಸುತ್ತದೆ, ಪಕ್ಕದ ಅರ್ಧ ಕೆಜಿ ಡಬ್ಬಿ 350 ಎಂದರೆ ಅಗ್ಗ. ಸೀಸೆಯಲ್ಲಿ ಇರುವುದು 1.05 ಕೆಜಿ, ಕೆಜಿಗೆ 571 ರೂಪಾಯಿ. ಡಬ್ಬಿಯದು ಕೆಜಿಗೆ 700. ಅಗ್ಗ ಯಾವುದು ಎಂದು ಹೇಳಬೇಕಾಗಿಲ್ಲ. ಕೊಡಗಿನ ಪೆಟ್ಟಿಗೆ ಜೇನು ತುಡುವೆ ಎಂಬ ಜಾತಿಯ ಜೇನುಹುಳುಗಳದು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಗೂಡುಗಟ್ಟಲೆ ಹುಳುಗಳು ಸತ್ತು ಇಲ್ಲಿಯ ಜೇನು ಸಾಕಣೆ ನೆಲ ಕಚ್ಚಿತು. ಒಳ್ಳೆಯ ತುಡುವೆ ಜೇನು ಅಗ್ಗಕ್ಕೆ ಸಿಗುತ್ತದೆ ಎಂದರೆ ಅನುಮಾನ ಪಡಲು ಅದೂ ಒಂದು ಕಾರಣ. ನೀರಿನ ಲೋಟಕ್ಕೆ ಹನಿ ಬಿಟ್ಟು ನೋಡುವ, ಬೆಂಕಿಕಡ್ಡಿ ಗೀರುವ ಪರೀಕ್ಷೆಗಳನ್ನು ಅಂಗಡಿಯವರೇ ಮಾಡಿ ತೋರಿಸುತ್ತಾರೆ. ಗಟ್ಟಿ ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗುತ್ತದೆ. ತಳದಲ್ಲಿ ಹರಳುಗಟ್ಟಿದ್ದರೆ ಕಲಬೆರಕೆ ಎಂಬುದೂ ತಪ್ಪು, ಅಪ್ಪಟ ಜೇನೂ ಹರಳುಗಟ್ಟುತ್ತದೆ.

ಸಂಜೆ ರಾಜಾಸೀಟಿನ ಕಡೆ ಬೊಂಬಾಯಿ ಮಿಠಾಯಿ, ಎಂದರೆ ಕಾಟನ್ ಕ್ಯಾಂಡಿ. ಒಂದು ಕಡ್ಡಿಗೆ ಸಕ್ಕರೆ 20 ಗ್ರಾಂ ಎಂದರೆ ಒಂದು ಕೆಜಿಗೆ ಐವತ್ತು ಕಡ್ಡಿ, ಕಡ್ಡಿಗೆ 90 ಪೈಸೆಯ ಸಕ್ಕರೆ. ಮೂವತ್ತು ರೂಪಾಯಿಗೆ ಮಾರಿದರೆ ಕೆಜಿಗೆ 1,500! ಈ ಐದು ದಿನದಲ್ಲಿ ಕಾಣುವ ಅತಿ ದುಬಾರಿ ತಿಂಡಿ ಇದೇ, ಚಾಕೊಲೇಟೂ ಇದರ ಮುಂದೆ ಬಡವ. ಆದರೆ ಇದನ್ನು ತಿನ್ನಲು ಕೊಳ್ಳುವವರು ಕಡಿಮೆ, ಮಗುವಿಗೆ ನೋಡಲು ಕೊಳ್ಳುತ್ತಾರೆ. ಹಾಗಾಗಿ ಕಣ್ಣೆದುರೇ ಸುತ್ತಿಸಿಕೊಳ್ಳಿ. ಕರಗಿದ ಸಕ್ಕರೆ ಎಳೆಗಳು ಗಾಳಿಯ ತೇವವನ್ನು ಕೂಡಲೇ ಹೀರುತ್ತವೆ. ಮಡಿಕೇರಿಯ ಮಂಜಿನಲ್ಲಿ ತೆರೆದಿಟ್ಟ ಕಡ್ಡಿ ಐದು ಹತ್ತು ನಿಮಿಷದಲ್ಲಿ ಕುಗ್ಗಿ ಅಂಟಾಗುತ್ತದೆ. ಬಣ್ಣದ್ದು ಬೇಡವೇ ಬೇಡ. ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣ ಸಿಕ್ಕಿದ್ದರಿಂದ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕೃತಕ ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಬಿಳಿಯದಕ್ಕೆ ಅಡ್ಡಿಯಿಲ್ಲ.

ಇಷ್ಟೆಲ್ಲ ಅಂಗಡಿಗಳಲ್ಲಿ ಕೊಡವರ ಮನೆಯ ತಂಬುಟ್ಟು ಕಾಣುವುದು ಅಪರೂಪ. ಹುರಿದ ಅಕ್ಕಿಯ ಪುಡಿಯನ್ನು ಕಳಿತ ಬಾಳೆಹಣ್ಣಿನೊಂದಿಗೆ ಕಲಸಿ, ತುಪ್ಪ, ತೆಂಗಿನತುರಿ, ಎಳ್ಳು ಹಾಕಿ ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ತಿನ್ನುವುದು. ಬೇಯಿಸದ ಬಾಳೆಹಣ್ಣು ಇರುವುದರಿಂದ ಮರುದಿನಕ್ಕೆ ಹುಳಿಯುತ್ತದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟು ವಾರ ಮಾರುವ ಜಾತಿಯದಲ್ಲ.

ಶುಕ್ರವಾರ, ಭಾಗಮಂಡಲ ಮತ್ತು ತಲಕಾವೇರಿ

ತುಲಾ ಸಂಕ್ರಮಣ ಅಕ್ಟೋಬರ್ 17ಕ್ಕೋ 18ಕ್ಕೋ ಬೀಳುತ್ತದೆ, ತೀರ್ಥೋದ್ಭವದ ಗಳಿಗೆ ಮಾತ್ರ ವರ್ಷ ವರ್ಷಕ್ಕೆ ಬೇರೆ. ಆ ದಿನದ ಜನಜಂಗುಳಿ ತಪ್ಪಿದರೂ ಜಾತ್ರೆ ತಪ್ಪುವುದಿಲ್ಲ, ಕಿರು ಸಂಕ್ರಮಣದವರೆಗೆ ಒಂದು ತಿಂಗಳು ಭಕ್ತರು ಬರುತ್ತಲೇ ಇರುತ್ತಾರೆ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಭಾಗಮಂಡಲದಲ್ಲಿ ಮಿಂದು, ಮೇಲೆ ಎಂಟು ಕಿಲೋಮೀಟರು ಹತ್ತಿ ತೀರ್ಥ ತರುವವರು ಇಳಿದು ಬರುವಾಗ ಕೈಯಲ್ಲಿ ಒಂದು ಪೊಟ್ಟಣ ಸಿಹಿ ಇರಲೇಬೇಕು. ಜಿಲೇಬಿ ಕಡಾಯಿಯ ಮುಂದೆ ಸಾಲು ಬೆಳೆಯುವುದು ಆಗಲೇ.

ನೂರು ಗ್ರಾಂ ತಟ್ಟೆಗೆ ನಲವತ್ತು, ಕೆಜಿಗೆ 400. "ಊರಲ್ಲಿ ಇದರ ಅರ್ಧಕ್ಕೆ ಸಿಗುತ್ತೆ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಮಾರುವವರ ಉತ್ತರವೂ ಸಿದ್ಧ: "ಸಾಮಾನೆಲ್ಲ ಘಾಟಿ ಹತ್ತಿ ಬರಬೇಕಲ್ಲಾ ಸಾರ್." ಕೊಡಗಿಗೆ ರೈಲಿಲ್ಲ, ಎಲ್ಲವೂ ಲಾರಿಯಲ್ಲೇ ಬರಬೇಕು, ನಿಜ. ಆದರೆ ಒಂದು ಟನ್ ಸಾಮಾನಿಗೆ ಐದು ಸಾವಿರ ಬಾಡಿಗೆ ಕೊಟ್ಟರೂ ಕೆಜಿಗೆ ಬೀಳುವುದು ಐದೇ ರೂಪಾಯಿ. ಘಾಟಿಯ ಮೇಲೆ ಹಾಕುವ ಹೊರೆ ಘಾಟಿಯದಲ್ಲ.

ಹೊರೆ ಇರುವುದು ನೆಲದ ಬಾಡಿಗೆಯಲ್ಲಿ. ಒಂದು ಕೆಜಿ ಜಿಲೇಬಿಗೆ ಮೈದಾ, ಸಕ್ಕರೆ, ಎಣ್ಣೆ, ಗ್ಯಾಸು ಸೇರಿ 70 ರೂಪಾಯಿ ಎಂದಿಟ್ಟುಕೊಳ್ಳಿ. ಸಕ್ಕರೆ ಪಾಕವೇ ತೂಕದ ಅರ್ಧದಷ್ಟಾಗುವುದರಿಂದ ಸಾಮಾನಿನ ಖರ್ಚು ಅಷ್ಟಕ್ಕೇ ನಿಲ್ಲುತ್ತದೆ. ಮೂರು ದಿನದ ಜಾಗಕ್ಕೆ 15,000, ಜನರೇಟರಿಗೆ 3,000, ಇಬ್ಬರ ಕೂಲಿ ದಿನಕ್ಕೆ 800ರಂತೆ 4,800. ಒಟ್ಟು 22,800. ಮೂರು ದಿನದಲ್ಲಿ 120 ಕೆಜಿ ಮಾರಿದರೆ ಕೆಜಿಗೆ 190 ರೂಪಾಯಿ ಮೇಲ್ಖರ್ಚು, ಒಟ್ಟು ಅಸಲು 260. ಕೆಜಿಗೆ 140 ಲಾಭ. ಆದರೆ ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಮಳೆ ಹೊಡೆಯುವುದು ಇಲ್ಲಿ ಹೊಸದಲ್ಲ. ಮಳೆ ಬಂದು 60 ಕೆಜಿಯಷ್ಟೇ ಹೋದರೆ ಮೇಲ್ಖರ್ಚು 380, ಅಸಲು 450, ಕೆಜಿಗೆ 50 ನಷ್ಟ. ಅಂಗಡಿ ಹಾಕುವವರು ಬೆಲೆ ಕಟ್ಟುವುದು ಬಿಸಿಲನ್ನು ನಂಬಿ ಅಲ್ಲ, ಮಳೆಗೆ ಹೆದರಿ. ಬಿಸಿಲಿದ್ದ ದಿನ ಬಂದ ನಿಮಗೆ ಅದು ಸುಲಿಗೆಯಂತೆ ಕಾಣುತ್ತದೆ.

ಬಿಡಿಯಾಗಿ ತೂಗಿ ಕೊಡುವ ಸಿಹಿಗೆ ಗರಿಷ್ಠ ಮಾರಾಟ ಬೆಲೆ ಎಂಬುದಿಲ್ಲ, ಇಷ್ಟಕ್ಕೇ ಮಾರಬೇಕೆಂದು ಯಾರೂ ಹೇಳುವಂತಿಲ್ಲ. ಬೆಲೆಯ ಬಗ್ಗೆ ದೂರು ಕೊಟ್ಟು ಫಲವಿಲ್ಲ, ತೂಕದ ಬಗ್ಗೆ ಕೊಡಬಹುದು. ತಟ್ಟೆ ಇಡುವ ಮೊದಲು ತಕ್ಕಡಿಯಲ್ಲಿ ಸೊನ್ನೆ ಇದೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ಮೋಸ ಖಚಿತವಾದರೆ ಗ್ರಾಹಕ ಸಹಾಯವಾಣಿ 1915. ತಟ್ಟೆ ಲೆಕ್ಕದಲ್ಲಿ ಮಾರುವಲ್ಲಿ "ತಟ್ಟೆಯಲ್ಲಿ ಎಷ್ಟು ಗ್ರಾಂ?" ಎಂದು ಕೇಳಿದರೆ ಸಾಕು, ಎರಡು ಸುತ್ತು ಜಾಸ್ತಿ ಬೀಳುವುದೂ ಉಂಟು.

ಜಿಲೇಬಿಗೆ ಈ ಬೆಲೆ ಕೊಡಬಹುದು ಎಂಬುದೇ ನಮ್ಮ ಅಭಿಪ್ರಾಯ, ಬಿಸಿಯಾಗಿದ್ದರೆ ಮಾತ್ರ. ಹಿಟ್ಟು ರಾತ್ರಿಯೇ ಹುಳಿ ಬಂದಿರಬೇಕು, ಪಾಕ ಒಂದೆಳೆಯಲ್ಲಿ ಬೆಚ್ಚಗಿರಬೇಕು. ಬೆಟ್ಟದ ಚಳಿಗೆ ಪಾಕ ಆರಿದರೆ ಒಳಗೆ ಇಳಿಯದೆ ಹೊರಗೇ ಬೆಳ್ಳಗೆ ಸಕ್ಕರೆಗಟ್ಟುತ್ತದೆ. ಬಲ್ಲವರು ಪಾಕಕ್ಕೆ ನಿಂಬೆರಸ ಹಿಂಡುವುದು ಅದನ್ನು ತಡೆಯಲು. ಕಡಾಯಿಯ ಎಣ್ಣೆ ಕಪ್ಪಾಗಿ, ಹಿಟ್ಟು ಬಿಡದೆಯೇ ಹೊಗೆಯಾಡುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಪಕ್ಕದಲ್ಲಿ ಜಹಾಂಗೀರು ಇನ್ನೂ ಹೆಚ್ಚಿನ ಬೆಲೆಗೆ ಇದ್ದರೆ ಅದಕ್ಕೆ ಕಾರಣ ಉದ್ದಿನಬೇಳೆ, ಮೈದಾದ ಬೆಲೆಗೆ ಅದು ಸಿಗುವುದಿಲ್ಲ.

ಶನಿವಾರ, ಶನಿವಾರಸಂತೆ

ಮಡಿಕೇರಿಗೆ ಹಿಂತಿರುಗಿ ಮಾದಾಪುರ, ಸೋಮವಾರಪೇಟೆ ಮೇಲೆ ಉತ್ತರಕ್ಕೆ. ಊರಿನ ಹೆಸರಲ್ಲೇ ಸಂತೆಯ ದಿನವಿದೆ. ಇಲ್ಲಿಯ ಗಿರಾಕಿ ವಾರ ವಾರ ಬರುವವರು, ಈ ವಾರ ಜಾಸ್ತಿ ಹೇಳಿದರೆ ಮುಂದಿನ ವಾರ ಬೇರೆ ಅಂಗಡಿ ನೋಡುತ್ತಾರೆ. ಮನೆಗೆ ಕೊಂಡುಹೋಗುವ ಒಣ ಸಿಹಿಯನ್ನು ಇಲ್ಲಿಗೆ ಉಳಿಸಿಕೊಳ್ಳಲು ಅದೇ ಕಾರಣ. ಸಂಜೆ ನಾಲ್ಕರ ಮೇಲೆ ಚೌಕಾಸಿಗೆ ಜಾಗ ಇರುತ್ತದೆ. ಬತ್ತಾಸು, ಕಡಲೆ ಮಿಠಾಯಿ ಹಾಗೆ ಕೊಳ್ಳಬಹುದು, ಎಣ್ಣೆಯಲ್ಲಿ ಕರಿದದ್ದು ಬೇಡ.

ದೀಪಾವಳಿ ಹತ್ತಿರವಾದರೆ ಬೇಕರಿಗಳಲ್ಲಿ ಡಬ್ಬಿಗಳ ಗೋಪುರ ಎದ್ದಿರುತ್ತದೆ. ಅರ್ಧ ಕೆಜಿ ಡಬ್ಬಿಯನ್ನು ರಟ್ಟು ಸಮೇತ ತೂಗಿದರೆ, ರಟ್ಟು 60 ಗ್ರಾಂ ಇದ್ದು ಸಿಹಿ ಕೆಜಿಗೆ 600 ಆದರೆ, 36 ರೂಪಾಯಿ ಬರೀ ರಟ್ಟಿಗೆ ಹೋಯಿತು. "ಮೊದಲು ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ" ಎಂದು ಹೇಳುವುದರಲ್ಲಿ ಸಂಕೋಚ ಬೇಡ, ನಿವ್ವಳ ತೂಕ ಕೊಡಬೇಕೆಂಬುದೇ ಕಾನೂನು. 2020ರ ಅಕ್ಟೋಬರಿನಿಂದ ಬಿಡಿ ಸಿಹಿಯ ತಟ್ಟೆಯ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕು ಎಂದೂ ಬರೆದಿಡಬೇಕು.

ಇಷ್ಟು ದಿನ ಹೆಚ್ಚಿನ ಬೆಲೆಗೆ ಬೆಚ್ಚಿದ್ದಾಯಿತು, ಇಲ್ಲಿ ಕಡಿಮೆ ಬೆಲೆಗೆ ಬೆಚ್ಚಬೇಕು. "ಶುದ್ಧ ತುಪ್ಪದ ಮೈಸೂರು ಪಾಕ್, ಕೆಜಿಗೆ 250" ಎಂಬ ಹಲಗೆ ಕಂಡರೆ ಮೊದಲ ದಿನದ ಚೀಟಿ ತೆಗೆಯಿರಿ. ಒಂದು ಕೆಜಿಯಲ್ಲಿ 400 ಗ್ರಾಂ ತುಪ್ಪ ಎಂದರೂ ತುಪ್ಪಕ್ಕೇ 260 ರೂಪಾಯಿ. ಕಡಲೆಹಿಟ್ಟು, ಸಕ್ಕರೆ, ಗ್ಯಾಸು, ಕೂಲಿ ಇನ್ನೂ ಸೇರಿಲ್ಲ. ಹಾಗಿದ್ದರೆ ಒಳಗಿರುವುದು ಡಾಲ್ಡಾ. ಚೂರು ಬಾಯಿಗಿಟ್ಟರೆ ಅಂಗುಳಿಗೆ ಮೇಣದಂತೆ ಅಂಟುತ್ತದೆ, ತುಪ್ಪದ್ದಾದರೆ ಕರಗಿ ಇಳಿಯುತ್ತದೆ. ಡಾಲ್ಡಾದ್ದು ಎಂದು ಹೇಳಿ 250ಕ್ಕೆ ಮಾರಿದರೆ ತಕರಾರಿಲ್ಲ, ತುಪ್ಪ ಎಂದು ಬರೆದದ್ದೇ ತಪ್ಪು.

ಚೀಲ ತುಂಬುವಾಗ ಹಲ್ವಾ ಅಡಿಯಲ್ಲಿ, ಅದರ ಮೇಲೆ ಕಡಲೆ ಮಿಠಾಯಿ, ಜೇನಿನ ಸೀಸೆ ನೆಟ್ಟಗೆ ಒಂದು ಮೂಲೆಗೆ, ಬತ್ತಾಸು ಎಲ್ಲಕ್ಕಿಂತ ಮೇಲೆ. ಬತ್ತಾಸಿಗೆ ಪ್ಲಾಸ್ಟಿಕ್ ಕವರು ಸಾಲದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೋಮವಾರಪೇಟೆ ತಲುಪುವುದರೊಳಗೆ ಮಂಜಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.